ಒಂದನೇ ಮೇಜಿಗೊಂದು ಹಸಿರು ಸೈಕಲ್

ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಈ ಸಂಗತಿ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವನು ಕೆಲಸ ಮಾಡುವ ನೀರಿನ ಮೀಟರ್ ರಿಪೇರಿ ಕಚೇರಿಯಲ್ಲಿ ಎಲ್ಲರೂ ಅವನನ್ನು ಎರಡೂ ಕೈ ಬಿಟ್ಟು ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಶೂರನೆಂದೇ ನಂಬಿದ್ದರು, ಏಕೆಂದರೆ ಹಾಗೆಂದು ಹೇಳಿದವನು ಅವನೇ.

ಹೇಳದೆ ಏನು ಮಾಡಿಯಾನು? ಅಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಸೈಕಲ್ ಪುರಾಣವೂ ತೆರೆದುಕೊಳ್ಳುತ್ತಿತ್ತು. ಸ್ಟೋರಿನವನು ಹುಡುಗನಾಗಿದ್ದಾಗ ಬ್ರೇಕೇ ಇಲ್ಲದ ಸೈಕಲ್ಲಿನಲ್ಲಿ ಬಸ್ಸನ್ನು ಹಿಂದೆ ಹಾಕಿದ್ದನಂತೆ. ಟೈಪಿಸ್ಟ್ ಅಕ್ಕ ಒಂದೇ ಸೈಕಲ್ಲಿನ ಮೇಲೆ ಮೂವರು ತಂಗಿಯರನ್ನೂ ಒಂದು ಹೊಲಿಗೆ ಯಂತ್ರವನ್ನೂ ಸಾಗಿಸಿದ್ದಳಂತೆ. ಹಳೆಯ ಸೈಕಲ್ಲಿನ ಗುಣವೇ ಅಂಥದ್ದು, ಗುಜರಿಗೆ ಹೋದ ಮೇಲೆಯೇ ಅದರ ವೇಗ ಹೆಚ್ಚುವುದು. ಈಗ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಈ ಮಂದಿಯೆಲ್ಲ ಒಂದು ಕಾಲದಲ್ಲಿ ಗಾಳಿಯ ಜೊತೆ ಪಂದ್ಯ ಕಟ್ಟಿದವರೇ.

ಇವರಿಗೆಲ್ಲ ಗುರು ಮುಖ್ಯಸ್ಥರು. ಅವರದು ಕಿಟಕಿಯ ಪಕ್ಕದ ಒಂದನೇ ಮೇಜು, ಫ್ಯಾನು ನೆಟ್ಟಗೆ ಅವರ ನೆತ್ತಿಯ ಮೇಲೆ. ಅವರ ಹಸಿರು ಸೈಕಲ್ಲಿನ ಕತೆ ಶುರುವಾದರೆ ಉಳಿದವರು ಡಬ್ಬಿ ಮುಚ್ಚಿ ಕೇಳಬೇಕು. "ಅದು ಸೈಕಲ್ಲಲ್ಲಪ್ಪ, ನನ್ನ ಜೀವ" ಎಂದು ಅವರು ಕಣ್ಣೊರೆಸಿಕೊಂಡಾಗ ನಮ್ಮವನೂ ಕಣ್ಣೊರೆಸಿಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷ ಒರೆಸಿದ್ದ. ಅಷ್ಟೂ ವರ್ಷ ಅವನು ಎರಡನೇ ಮೇಜಿನಲ್ಲೇ ಕೂತಿದ್ದರಿಂದ ಜನ ಅವನ ಹೆಸರನ್ನೇ ಮರೆತು 'ಎರಡನೇ ಮೇಜು' ಎಂದೇ ಕರೆಯುತ್ತಿದ್ದರು. ಮನೆಗೆ ಬಂದ ಮದುವೆ ಕಾಗದದ ಮೇಲೂ ಒಮ್ಮೆ ಹಾಗೇ ಇತ್ತು.

ಆ ದಿನ ಮುಖ್ಯಸ್ಥರು ನಿವೃತ್ತರಾಗಬೇಕಿತ್ತು. ಆದರೆ ಮೇಲಿನ ಕಚೇರಿಯಿಂದ ಹಾಳು ಕಾಗದವೊಂದು ಬಂದಿತ್ತು. ಬೇಕಿದ್ದರೆ ಇನ್ನೂ ಒಂದರಿಂದ ಮೂರು ವರ್ಷ ಮುಂದುವರಿಯಬಹುದು, ನಿವೃತ್ತಿಯ ದಿನ ಸಂಜೆ ಐದರೊಳಗೆ ಉತ್ತರ ಕೊಡಿ ಎಂದು. ಎರಡನೇ ಮೇಜಿನ ಸ್ವಂತ ನೌಕರಿಯಲ್ಲಿ ಉಳಿದದ್ದು ಎರಡು ವರ್ಷ ಹತ್ತು ತಿಂಗಳು. "ಮಂಡಿ ಒಪ್ಪಬೇಕಲ್ಲಪ್ಪ, ನಾಳೆ ಸಂಜೆವರೆಗೆ ನೋಡೋಣ" ಎಂದು ಮುಖ್ಯಸ್ಥರು ಹಿಂದಿನ ದಿನ ರಾಗ ಎಳೆದಿದ್ದರು.

"ಹಳೇ ನೆನಪು ಅನ್ನೋದು ಮನೇಲಿ ಕೂತು ಮೆಲುಕು ಹಾಕೋಕೆ" ಎಂದ ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಅವನು ಹೆಂಡತಿಗೆ. "ಆ ಹಸಿರು ಸೈಕಲ್ಲಿನಂಥದ್ದೇ ಒಂದನ್ನ ಕೈಗೆ ಕೊಟ್ಟುಬಿಟ್ರೆ ಮನುಷ್ಯ ಕರಗಿ ಮನೆ ದಾರಿ ಹಿಡೀತಾನೆ. ಒಂದನೇ ಮೇಜು ನಂದು."

"ಅದನ್ನ ಅಲ್ಲಿವರೆಗೆ ಯಾರು ಹೊಡ್ಕೊಂಡು ಹೋಗ್ತಾರೆ?"

"ತಳ್ಕೊಂಡು ಹೋಗ್ತೀನಿ."

"ಹುಷಾರು, ತಳ್ಳೋವಾಗಲೂ ಬೀಳಬಹುದು" ಎಂದಳು ಆಕೆ, ಕಟ್ಟಿಕೊಂಡವಳಿಗೆ ಇರಬೇಕಾದ ಸಲುಗೆಯಿಂದ.

ಭಾವಮೈದನ ಹಿತ್ತಲಲ್ಲಿ ನೆಲ ಒರೆಸುವ ಬಟ್ಟೆ ಒಣಹಾಕಲು ನಿಲ್ಲಿಸಿದ್ದ ಸೈಕಲ್ಲು ಅದು. ಹಿಂದಿನ ದಿನ ನಮ್ಮವನೇ ಅದನ್ನು ತಂದು ಹಸಿರು ಬಣ್ಣ ಬಳಿದಿದ್ದ. ಬಣ್ಣ ಇನ್ನೂ ಹಸಿಯಾಗಿಯೇ ಇತ್ತು. ಬೀದಿಯ ಅರ್ಧ ದಾಟುವಷ್ಟರಲ್ಲಿ ಪ್ಯಾಂಟಿನ ಎಡಗಾಲು ಹಸಿರಾಯಿತು.

ದಾರಿಯಲ್ಲಿ ಶಾಲೆಯ ಗೇಟಿನಲ್ಲಿ ನಿಂತಿದ್ದ ಡ್ರಿಲ್ ಮೇಷ್ಟರು ತಡೆದರು. "ಯಾಕ್ರೀ ತಳ್ತಿದ್ದೀರಿ? ಹತ್ತಿ ಹೋಗಿ."

"ಗಾಳಿ ಇಲ್ಲ ಸಾರ್."

ಮೇಷ್ಟರು ಟೈರು ಹಿಸುಕಿ ನೋಡಿದರು. "ಕಲ್ಲಿದ್ದಂಗಿದೆಯಲ್ಲ."

"ಅಂದ್ರೆ, ಗಾಳಿ ಜಾಸ್ತಿ ಆಗಿದೆ."

"ಅಷ್ಟೇನಾ" ಎಂದು ಅವರು ಬಗ್ಗಿ ಎರಡೂ ಚಕ್ರದ ಗಾಳಿ ಬಿಟ್ಟರು. ಬಿಡುತ್ತಲೇ ತಮ್ಮ ಕಾಲದ ಸೈಕಲ್ಲಿಗೆ ಹತ್ತು ವರ್ಷ ಗಾಳಿ ಹಾಕುವ ಅಗತ್ಯವೇ ಬಿದ್ದಿರಲಿಲ್ಲ ಎಂದು ವಿವರಿಸಿದರು. ಆಗ ಎದುರು ಅಂಗಡಿಯ ದರ್ಜಿ ಕತ್ತರಿ ಬಿಟ್ಟು ಪಂಪು ಹಿಡಿದು ಬಂದ. ಅವನೂ ಒಂದು ಕಾಲದಲ್ಲಿ ಸೈಕಲ್ ಸರದಾರ. ಒಂದೊಂದು ಸಲ ಪಂಪು ಒತ್ತಲೂ ಒಂದೊಂದು ನೆನಪು. ಮುಂದಿನ ಚಕ್ರ ತುಂಬುವಾಗ ಅವನು ಹೈಸ್ಕೂಲಿನಲ್ಲಿದ್ದ, ಹಿಂದಿನದು ತುಂಬುವ ಹೊತ್ತಿಗೆ ಮದುವೆಯಾಗಿತ್ತು. ಅಷ್ಟರಲ್ಲಿ ಗಂಟೆ ಎರಡು ಹೊಡೆಯಿತು.

"ಈಗ ಹತ್ತಿ" ಎಂದರು ಇಬ್ಬರೂ.

"ಬಣ್ಣ ಹಸಿ ಇದೆ, ಅದಕ್ಕೇ ನಡ್ಕೊಂಡೇ..."

"ಸೀಟಿಗೇನು ಬಣ್ಣ ಬಳಿದಿದ್ದೀರಾ?" ಎಂದ ದರ್ಜಿ. ಪರೋಪಕಾರಿಗಳಿಗೆ ಬುದ್ಧಿ ಚುರುಕಾದರೆ ಅದಕ್ಕಿಂತ ದೊಡ್ಡ ಪೀಡೆ ಇಲ್ಲ. ಒಬ್ಬ ತೋಳು ಹಿಡಿದ, ಇನ್ನೊಬ್ಬರು ಸೊಂಟ ಹಿಡಿದರು. ಎರಡನೇ ಮೇಜನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಇಳಿಜಾರಿನ ಕಡೆಗೆ ಮುಖ ಮಾಡಿಸಿ, "ಹೂಂ" ಎಂದು ತಳ್ಳಿಬಿಟ್ಟರು.

ಮೊದಲ ತಿರುವಿನಲ್ಲಿ ಅವನು ಹೆದರಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದ ಸುಳ್ಳು ಅರ್ಧ ನಿಮಿಷ ನಿಜವಾಯಿತು. ನೋಡಲು ಕಚೇರಿಯವರು ಒಬ್ಬರೂ ಇರಲಿಲ್ಲ.

ಸೈಕಲ್ಲು ನಿಂತದ್ದು ಬಟ್ಟೆ ಒಗೆಯುವವಳ ಅಂಗಳದಲ್ಲಿ, ಒಣಹಾಕಿದ್ದ ಆಸ್ಪತ್ರೆಯ ಬಿಳಿ ಹೊದಿಕೆಗಳ ನಡುವೆ. ಏಳು ಹೊದಿಕೆಗಳಿಗೆ ಹಸಿರು ಪಟ್ಟೆ ಬಿತ್ತು. ಆಕೆ ಬಾಯಿಗೆ ಬಂದ ಹಾಗೆ ಬೈದಳು, ಅವನ ವಂಶವನ್ನೂ ಬಿಡಲಿಲ್ಲ. ಬೈಯುತ್ತಿದ್ದವಳು ಸೊಟ್ಟಗಾದ ಹ್ಯಾಂಡಲ್ ಕಂಡು ಇದ್ದಕ್ಕಿದ್ದಂತೆ ಮೆತ್ತಗಾದಳು. "ನಮ್ಮಣ್ಣನ ಹತ್ರ ಇಂಥದ್ದೇ ಇತ್ತು" ಎಂದು ಮುಂಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿ, ಹ್ಯಾಂಡಲ್ ತಿರುಚಿ ನೆಟ್ಟಗೆ ಮಾಡಿದಳು. ಆ ಅಣ್ಣನ ಸೈಕಲ್ ಕತೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊದಿಕೆಗಳನ್ನು ಮತ್ತೆ ಒಗೆದುಕೊಡುವ ಮಾತು ಕೊಟ್ಟು ಅವನು ಅಲ್ಲಿಂದ ಕಾಲು ಕಿತ್ತ.

ಕಚೇರಿಯ ಅಂಗಳ ತಲುಪಿದಾಗ ಮೂರೂವರೆ. ಹರಿದ ಅಂಗಿ, ಹಸಿರು ಕಾಲು, ಕುಂಟುತ್ತ ಒಳಗೆ ಬಂದವನನ್ನು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಸೈಕಲ್ಲಿನ ಮೇಲೆ. ಮುಖ್ಯಸ್ಥರು ಹತ್ತಿರ ಬಂದು ಸೀಟು ಸವರಿದರು. ಈ ಸಲ ಕಣ್ಣೀರು ನಿಜವಾಗಿಯೂ ಬಂದಿತ್ತು.

"ಇದನ್ನ ನೋಡಿದ್ ಮೇಲೆ ಸಾಕಪ್ಪ ಅನ್ನಿಸ್ತಿದೆ" ಎಂದರು. "ಮನೆಗೆ ಹೋಗಿ ತಣ್ಣಗೆ ಕೂತುಬಿಡೋಣ."

ಎರಡನೇ ಮೇಜಿನ ಎದೆ ಉಬ್ಬಿತು. ಬಿದ್ದ ನೋವೆಲ್ಲ ಮರೆತುಹೋಯಿತು. ತೆರೆದ ಕಿಟಕಿಯೊಳಗೆ ಒಂದನೇ ಮೇಜು ಕಾಣುತ್ತಿತ್ತು. ಮನಸ್ಸಿನಲ್ಲೇ ಅದರ ಮೇಲೆ ತನ್ನ ಡಬ್ಬಿ ಇಟ್ಟ.

"ಕೂರೋದು ಇದ್ದೇ ಇದೆ, ಒಂದು ರೌಂಡ್ ಹೊಡೀರಿ ಸಾರ್" ಎಂದ ಸ್ಟೋರಿನವನು.

"ಬೇಡ ಬೇಡ, ಮಂಡಿ" ಎಂದು ಎರಡನೇ ಮೇಜು ಅಡ್ಡ ಬಂದ. ಟೈಪಿಸ್ಟ್ ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿದಳು. ಮುಖ್ಯಸ್ಥರು ಹತ್ತಿಯೇಬಿಟ್ಟರು. ಮೊದಲ ಸುತ್ತಿಗೆ ಮಂಡಿ ಕಿರುಗುಟ್ಟಿತು. ಎರಡನೆಯದಕ್ಕೆ ಸುಮ್ಮನಾಯಿತು. ನಾಲ್ಕನೆಯ ಸುತ್ತಿಗೆ ಅವರು ಗಂಟೆ ಬಾರಿಸುತ್ತ, ಸಿಳ್ಳೆ ಹಾಕುತ್ತ ಬಂದರು. ಎಂಟು ಸುತ್ತು ಹೊಡೆದು ಇಳಿದ ಮನುಷ್ಯನಿಗೆ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

"ಇಷ್ಟು ಗಟ್ಟಿ ಇದ್ದೀನಿ, ಮನೇಲಿ ಕೂತು ಏನು ಮಾಡ್ಲಿ?" ಎಂದರು. "ನಾಳೆಯಿಂದ ಇದರಲ್ಲೇ ಕೆಲಸಕ್ಕೆ ಬರ್ತೀನಿ. ಲೋ ಎರಡನೇ ಮೇಜು, ಇದು ನಿನ್ನ ಪುಣ್ಯ. ಉತ್ತರ ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ತನ್ನ ಮೇಜಿನಲ್ಲಿ ಕೂತು, ಅವರು ಹೇಳಿದಂತೆ ಬರೆದ. 'ಇನ್ನೂ ಎರಡು ವರ್ಷ ಮುಂದುವರಿಯಲು ಒಪ್ಪಿಗೆಯಿದೆ.' ಬರೆಯುತ್ತ ಬೆರಳು ಮಡಿಸಿದ. ಎರಡು ಹೋದರೆ ಹತ್ತು ತಿಂಗಳು ಉಳಿಯುತ್ತದೆ. ಹತ್ತು ತಿಂಗಳಾದರೂ ಮೇಜು ಮೇಜೇ, ಫ್ಯಾನು ಫ್ಯಾನೇ.

ಮುಖ್ಯಸ್ಥರು ಸಹಿ ಹಾಕಲು ಪೆನ್ನು ತೆಗೆದವರು ಕಿಟಕಿಯಾಚೆ ಸೈಕಲ್ಲನ್ನೊಮ್ಮೆ ಪ್ರೀತಿಯಿಂದ ನೋಡಿದರು.

"ಎರಡು ಹೊಡೆದುಹಾಕಿ ಮೂರು ಮಾಡಪ್ಪ" ಎಂದರು. "ನೀನು ಇಷ್ಟು ಕಷ್ಟಪಟ್ಟು ತಂದಿದ್ದೀಯ, ನೀನು ರಿಟೈರ್ ಆಗೋವಾಗ ನಿನಗೆ ಹಾರ ಹಾಕೋಕೆ ನಾನಿಲ್ಲದಿದ್ರೆ ಚೆನ್ನಾಗಿರುತ್ತಾ?"