ಮುನಿವೆಂಕಟಮ್ಮನ ಮೂಗುಬೊಟ್ಟು, ಸಂಜೀವಪ್ಪನ ಬದನೆ ಗಿಡ

ಸಗಣಿ ಬೇರೆ, ಗೊಬ್ಬರ ಬೇರೆ ಎಂಬ ಸಣ್ಣ ಸಂಗತಿ ತಿಳಿಯಲು ದೊಡ್ಡಬಳ್ಳಾಪುರದ ಮಗ್ಗದ ಸಂಜೀವಪ್ಪನಿಗೆ ಎರಡು ವರ್ಷ ಹಿಡಿಯಿತು. ಮೊದಲ ವರ್ಷ ಪಕ್ಕದ ಬೀದಿಯ ಎಮ್ಮೆಯ ಸಗಣಿಯನ್ನು ಬಿಸಿಬಿಸಿಯಾಗಿ ಬುಟ್ಟಿಯಲ್ಲಿ ಹೊತ್ತು ತಂದು ಟೊಮೆಟೊ ಸಸಿಗಳ ಬುಡಕ್ಕೆ ಸುರಿದ. ಸಸಿಗಳು ವಾರದೊಳಗೆ ಸುಟ್ಟು ಕರಕಲಾದವು. ಎರಡನೆಯ ವರ್ಷ ಕೋಳಿ ಫಾರಂನಿಂದ ಹಸಿ ಗೊಬ್ಬರ ತಂದ. ಆ ಸಲ ಗಿಡಗಳಿಗಿಂತ ಮೊದಲು ಅಕ್ಕಪಕ್ಕದವರು ಬಾಡಿಹೋದರು. ಇಡೀ ಬೀದಿ ಹದಿನೈದು ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೇಯ್ದಿತು.

ಮೂರನೆಯ ವರ್ಷ ಹೆಂಡತಿ ಭಾಗ್ಯಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ನೋಡ್ರೀ, ಇದೇ ಕೊನೆ. ಗೌರಿ ಹಬ್ಬದೊಳಗೆ ನಿಮ್ಮ ಹಿತ್ಲಿಂದ ಒಂದೊತ್ತಿನ ಹುಳಿಗಾಗೋಷ್ಟು ಬದ್ನೇಕಾಯಿ ಬಂತೋ ಸರಿ. ಇಲ್ದಿದ್ರೆ ಆ ಜಾಗ ನಮ್ಮ ಚಲಪತಿಗೆ. ಒಂದು ಶೆಡ್ಡು ಹಾಕ್ಕೊಂಡು ಎರಡು ಮಗ್ಗ ಇಟ್ಕೋತಾನೆ, ಪಾಪ."

ಭಾಗ್ಯಮ್ಮನ ಆ 'ಪಾಪ'ದ ತಮ್ಮ ಆಗಲೇ ಟೇಪು ತಂದು ಹಿತ್ತಲನ್ನು ಎರಡು ಸಲ ಅಳೆದುಕೊಂಡು ಹೋಗಿದ್ದ.

ಸಂಜೀವಪ್ಪನ ಸಂಕಟ ಬದನೆಕಾಯಿಯದಲ್ಲ. ಬೆಳಗಿನಿಂದ ಸಂಜೆವರೆಗೆ ಎರಡು ಕರೆಂಟು ಮಗ್ಗಗಳ ನಡುವೆ ನಿಂತು ಅವನ ಕಿವಿ ತಮಟೆಯಾಗಿತ್ತು. ಹಿತ್ತಲ ಬಾಗಿಲು ಹಾಕಿಕೊಂಡು ಗಿಡಗಳ ಹತ್ತಿರ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತರೆ ಅವನಿಗೆ ತಾನೂ ಮನುಷ್ಯ ಎನ್ನಿಸುತ್ತಿತ್ತು. ಅಲ್ಲೂ ಎರಡು ಮಗ್ಗ ಬಂದು ಕೂತರೆ ಅವನು ಎಲ್ಲಿಗೆ ಹೋಗಬೇಕು?

ಹಾಗಾಗಿ ಈ ಸಲ ಅವನು ಗುರುವನ್ನು ಹುಡುಕಿಕೊಂಡು ಮೂರು ಮೈಲಿ ದೂರದ ಹಳ್ಳಿಗೆ ಹೋದ. ಅಲ್ಲಿನ ರೈತ ದೊಡ್ಡಮುನಿಯಪ್ಪ ಅವನನ್ನು ತಿಪ್ಪೆಯ ಹತ್ತಿರ ಕರೆದುಕೊಂಡು ಹೋಗಿ, ಗುಂಡಿಯ ತಳದಿಂದ ಒಂದು ಹಿಡಿ ಕಪ್ಪು ಗೊಬ್ಬರ ತೆಗೆದು ಅವನ ಮೂಗಿಗೆ ಹಿಡಿದ.

"ಏನ್ ವಾಸ್ನೆ ಬತ್ತದೆ?"

"ಮಳೆ ಬಿದ್ದ ಮಣ್ಣಿನ ವಾಸ್ನೆ."

"ಹ್ಞಾಂ! ಸಗಣಿ ವಾಸ್ನೆ ಬಂದ್ರೆ ಇನ್ನೂ ಎಳೇದು ಅಂತ ಲೆಕ್ಕ. ಇದು ವರ್ಷದ ಮೇಲೆ ಮಾಗಿರೋದು. ಕೊಟ್ಟಿಗೆ ಸಗಣಿ, ಗಂಜಲ, ಒಲೆ ಬೂದಿ, ಮನೆ ಕಸ, ಎಲ್ಲಾ ಸೇರಿ ಕೊಳ್ತು ಒಂದಾಗೈತೆ. ತಗೊಂಡೋಗು."

ಒಂದು ಗಾಡಿ ಗೊಬ್ಬರಕ್ಕೆ ಪ್ರತಿಯಾಗಿ ಸಂಜೀವಪ್ಪ ಆತನ ಹೆಂಡತಿ ಮುನಿವೆಂಕಟಮ್ಮನಿಗೆ ತನ್ನ ಮಗ್ಗದ ಒಂದು ಸೀರೆ ಕೊಟ್ಟ. ಗೊಬ್ಬರ ಬಿತ್ತು, ಹನ್ನೆರಡು ಬದನೆ ಸಸಿ ನಿಂತವು, ಎದ್ದವು, ಹೂ ಬಿಟ್ಟವು. ಗೌರಿ ಹಬ್ಬಕ್ಕೆ ಇನ್ನು ಒಂದು ವಾರ ಇರುವಾಗ ಪ್ರತಿ ಗಿಡದಲ್ಲೂ ಹೆಬ್ಬೆರಳು ಗಾತ್ರದ ಕಾಯಿಗಳು ಜೋತಾಡುತ್ತಿದ್ದವು. ಸಂಜೀವಪ್ಪ ದಿನಾ ಬೆಳಿಗ್ಗೆ ಅವನ್ನು ಎಣಿಸುತ್ತಲೇ ಹಲ್ಲುಜ್ಜುತ್ತಿದ್ದ.

ಅವತ್ತೂ ಎಣಿಸುತ್ತಿದ್ದ. ಅಷ್ಟರಲ್ಲಿ ಮುನಿವೆಂಕಟಮ್ಮ ಬಂದಳು. ಅವನು ಕೊಟ್ಟ ಸೀರೆಯನ್ನೇ ಉಟ್ಟಿದ್ದಳು. ಕಂಕುಳಲ್ಲಿ ಒಂದು ಜರಡಿ ಇತ್ತು.

"ಸಂಜೀವಪ್ಪಾ, ನಾವ್ ಕೊಟ್ಟ ಗೊಬ್ಬರ ಎಲ್ಲಿ ಹಾಕ್ದೆ? ತೋರ್ಸಪ್ಪ."

"ಇಲ್ಲೇ, ಈ ಗಿಡಗಳಿಗೆ. ಯಾಕಮ್ಮಾ?"

"ಅದ್ರೊಳಗೆ ನನ್ ಮೂಗುಬೊಟ್ಟು ಐತೆ."

ಸಂಜೀವಪ್ಪ ಹಲ್ಲುಪುಡಿಯನ್ನು ನುಂಗಿದ.

ಮುನಿವೆಂಕಟಮ್ಮ ಜಗುಲಿಯ ಮೇಲೆ ಕೂತು ವಿವರಿಸಿದಳು. ಹೋದ ವರ್ಷ ಶಿವರಾತ್ರಿ ಹೊತ್ತಿಗೆ ಅವಳ ಮೂಗುಬೊಟ್ಟು ಕಳೆದುಹೋಗಿತ್ತು. ಹುಡುಕದ ಮೂಲೆಯಿಲ್ಲ. ನಿನ್ನೆ ಅಲ್ಲೇ ಹತ್ತಿರದ ವಿಜಯಪುರಕ್ಕೆ ಹೋದವಳು ಅಲ್ಲಿ ಶಾಸ್ತ್ರ ಹೇಳುವವನೊಬ್ಬನನ್ನು ಕೇಳಿದಳು. "ಕಪ್ಪಗಿರೋ ಜಾಗ, ಹಸ್ರಿನ ಬುಡ, ನಿಮ್ಮನೆಯಿಂದ ಉತ್ತರಕ್ಕೆ" ಎಂದು ಅವನು ಕಣ್ಣು ಮುಚ್ಚಿಕೊಂಡು ಹೇಳಿದ್ದ.

"ನೀನೇ ಯೋಳಪ್ಪ. ಮನೆ ಗುಡ್ಸಿದ್ ಕಸ ಎಲ್ಲಿಗೋಯ್ತದೆ? ತಿಪ್ಪೆಗೆ. ಆ ತಿಪ್ಪೆ ಎಲ್ಲಿಗೋಯ್ತು? ನಿನ್ ಹಿತ್ಲಿಗೆ. ನಮ್ಮೂರಿಂದ ಉತ್ರಕ್ಕೆ ಯಾವ್ದೈತೆ? ನಿಮ್ ದೊಡ್ಬಳ್ಳಾಪುರ ಐತೆ. ಇನ್ನೇನ್ ಬೇಕು?"

ಸಂಜೀವಪ್ಪ ಕೈ ಮುಗಿದ. "ಅಮ್ಮಾ, ಒಂದೇ ಒಂದು ವಾರ ತಡಿ. ಹಬ್ಬ ಆಗ್ಲಿ, ಕಾಯಿ ಕಿತ್ಕೋತೀನಿ, ಆಮೇಲೆ ಪಾತಾಳ ತನಕ ಬೇಕಾದ್ರೆ ಅಗಿಯಾಣ" ಎಂದು ಗೋಗರೆದ.

"ಗೌರಿ ಹಬ್ಬದಲ್ಲಿ ಬೋಳು ಮೂಗಲ್ಲಿ ಬಾಗಿನ ಕೊಡ್ಲಾ? ಮುತ್ತೈದೆ ಕಣಪ್ಪ ನಾನು! ನಮ್ಮಪ್ಪ ಕೈಯಾರೆ ಕೊಡ್ಸಿದ್ದು ಅದು" ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ನಾಟಕವಾಗಿರಲಿಲ್ಲ.

ಆಗಲೇ ಕರೆಂಟು ಹೋಗಬೇಕೆ! ಲೈನ್ ಕೆಲಸವಂತೆ, ಸಂಜೆವರೆಗೂ ಬರುವುದಿಲ್ಲವಂತೆ. ಕರೆಂಟಿದ್ದಾಗ ಆ ಬೀದಿಯಲ್ಲಿ ಮನೆಗೆ ಬೆಂಕಿ ಬಿದ್ದರೂ ಪಕ್ಕದವರಿಗೆ ಕೇಳುವುದಿಲ್ಲ. ಕರೆಂಟು ಹೋದರೆ ಮಾತ್ರ ಯಾರು ಸೀನಿದರೂ ಬೀದಿಯೆಲ್ಲ ಬಂದು ಕಾರಣ ಕೇಳುತ್ತದೆ. ಮಗ್ಗಗಳು ನಿಂತ ಐದೇ ನಿಮಿಷಕ್ಕೆ ಹಿತ್ತಲು ತುಂಬಿತು. ಎಲ್ಲರಿಗಿಂತ ಮುಂದೆ ಪಿಳ್ಳಣ್ಣ. ಬೀದಿಗೆ ಹಿರಿಯ, ಗೊತ್ತಿಲ್ಲದ ವಿಷಯವೇ ಇಲ್ಲದ ಮನುಷ್ಯ. ಅವನ ಹಿಂದೆ, ಯಾರೂ ಕರೆಯದಿದ್ದರೂ ಹೆಗಲ ಮೇಲೆ ಗುದ್ದಲಿ ಹೊತ್ತು ಭಾವಮೈದುನ ಚಲಪತಿ ಬಂದಿದ್ದ.

"ಹೆಣ್ಮಕ್ಳ ಕಣ್ಣೀರು ಮನೆಗೆ ಒಳ್ಳೇದಲ್ಲ ಬಾವ. ನೀವು ಕೂತ್ಕೊಳ್ಳಿ, ನಾನ್ ಅಗೀತೀನಿ."

"ಲೇ ಲೇ, ಒಂದು ಗಿಡ ಮಾತ್ರ ಕಣೋ!" ಎಂದು ಸಂಜೀವಪ್ಪ ಕೂಗುವಷ್ಟರಲ್ಲಿ ಎರಡು ಗಿಡ ಮಲಗಿದ್ದವು.

ಚಲಪತಿ ಅಗೆದ, ಮುನಿವೆಂಕಟಮ್ಮ ಜರಡಿ ಹಿಡಿದಳು. ಗೊಬ್ಬರದಿಂದ ಒಂದು ಬಳೆ ಚೂರು ಬಂತು, ಎತ್ತಿನ ಸವೆದ ಲಾಳ ಬಂತು, ಒಂದು ಅಂಗಿಯ ಗುಂಡಿ ಬಂತು. "ಅಯ್ಯೋ, ಇದು ನಮ್ ಯಜಮಾನ್ರ ಮದ್ವೆ ಅಂಗೀದು!" ಎಂದು ಅವಳು ಗುಂಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಂಡಿ ಸಿಕ್ಕಿದ್ದೇ ಎಲ್ಲರಿಗೂ ಹುರುಪು ಬಂತು. ಗುಂಡಿ ಬಂದ ದಾರಿಯಲ್ಲೇ ಮೂಗುಬೊಟ್ಟೂ ಬಂದಿರಬೇಕಲ್ಲ!

"ಚಿನ್ನ ಭಾರದ್ದು. ತಳಕ್ಕೆ ಇಳಿದಿರುತ್ತೆ. ಇನ್ನೂ ಆಳಕ್ಕೆ ಅಗೀರೋ" ಎಂದು ಪಿಳ್ಳಣ್ಣ ಅಪ್ಪಣೆ ಕೊಡಿಸಿದ.

"ನಾನೂ ಅದನ್ನೇ ಅನ್ಕೊಂಡೆ. ಎರಡಡಿ ಹೋದ್ರೆ ಹೆಂಗೂ ಪಾಯಕ್ಕೂ ಆಗುತ್ತೆ" ಎಂದ ಚಲಪತಿ. ನಾಲಿಗೆ ಕಚ್ಚಿಕೊಂಡರೂ ಗುದ್ದಲಿ ನಿಲ್ಲಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಏಳು ಬದನೆ ಗಿಡಗಳು ಮದುವೆ ಮನೆಯ ನೆಂಟರ ಹಾಗೆ ಗೋಡೆಯ ಪಕ್ಕ ಸಾಲಾಗಿ ಮಲಗಿದ್ದವು. ಇನ್ನು ಐದು ಉಳಿದಿದ್ದವು. ಹೀಗೇ ಬಿಟ್ಟರೆ ಸಂಜೆಗೆ ಅವೂ ಹೋಗುತ್ತವೆ, ನಾಳೆಯೇ ಇಟ್ಟಿಗೆ ಬಂದು ಬೀಳುತ್ತದೆ ಎಂದು ಸಂಜೀವಪ್ಪನಿಗೆ ಖಾತ್ರಿಯಾಯಿತು. ಅವನು ಮುನಿವೆಂಕಟಮ್ಮನ ಪಕ್ಕ ಕೂತು ಮೆಲ್ಲಗೆ ಕೇಳಿದ.

"ಹೆಂಗಿತ್ತಮ್ಮ ಅದು?"

"ನಡುವೆ ಒಂದು ಕೆಂಪು ಕಲ್ಲು, ಸುತ್ತ ಬಿಳೀ ಕಲ್ಲು. ಬಟಾಣಿ ಕಾಳಿನಷ್ಟಿತ್ತು."

ಅಂಥದ್ದೇ ಒಂದು ಸಂಜೀವಪ್ಪನ ಮನೆಯಲ್ಲೂ ಇತ್ತು. ಅವನ ಅತ್ತೆ ಸಾಯುವಾಗ ಭಾಗ್ಯಮ್ಮನಿಗೆ ಕೊಟ್ಟಿದ್ದು. ವರ್ಷಕ್ಕೊಮ್ಮೆ ವರಮಹಾಲಕ್ಷ್ಮಿ ಹಬ್ಬದ ದಿನ ಮೂಗಿಗೇರಿ ಮತ್ತೆ ಟ್ರಂಕು ಸೇರುತ್ತಿತ್ತು. ಈ ವರ್ಷದ ಹಬ್ಬ ಮುಗಿದಿತ್ತು. ಇನ್ನು ಮುಂದಿನ ಶ್ರಾವಣದವರೆಗೆ ಅದನ್ನು ಯಾರೂ ಕೇಳುವುದಿಲ್ಲ. ಅಷ್ಟರೊಳಗೆ ಅಂಥದ್ದೇ ಇನ್ನೊಂದನ್ನು ಮಾಡಿಸಿ ಇಟ್ಟರಾಯಿತು, ದೇವರು ಕಣ್ಣು ಬಿಡದೆ ಇರುತ್ತಾನೆಯೇ?

ಭಾಗ್ಯಮ್ಮ ಅಡಿಗೆಮನೆಯಲ್ಲಿ ಅಷ್ಟೂ ಜನಕ್ಕೆ ಕಾಫಿ ಕಾಯಿಸುತ್ತಿದ್ದಳು. ಸಂಜೀವಪ್ಪ ಕಳ್ಳ ಬೆಕ್ಕಿನಂತೆ ಮಗ್ಗದ ಕೋಣೆಗೆ ನುಗ್ಗಿದ. ಟ್ರಂಕಿನ ಬೀಗದ ಕೈ ದೇವರ ಪಟದ ಹಿಂದೆ ಇರುವುದು ಅವನಿಗೆ ಗೊತ್ತಿತ್ತು. ಪಟಕ್ಕೆ ಒಂದು ಸಲ ಕೈ ಮುಗಿದು, ಟ್ರಂಕು ತೆಗೆದು, ಪುಟ್ಟ ಡಬ್ಬಿಯಿಂದ ಮೂಗುಬೊಟ್ಟು ತೆಗೆದುಕೊಂಡ. ಹಿತ್ತಲಿಗೆ ಬಂದು ಚಲಪತಿಗೆ, "ನೀ ದಣಿದಿದ್ದೀಯ, ಒಂದು ಬೊಗಸೆ ನಾನ್ ಹಾಕ್ತೀನಿ" ಎಂದು ಗೊಬ್ಬರದೊಂದಿಗೆ ಅದನ್ನೂ ಜರಡಿಗೆ ಹಾಕಿದ.

ಮುನಿವೆಂಕಟಮ್ಮ ಎರಡು ಸಲ ಜರಡಿ ಆಡಿಸಿದಳು. ಮೂರನೆಯ ಸಲಕ್ಕೆ, "ಸಿಕ್ತು! ನನ್ನಪ್ಪಾ, ಸಿಕ್ತು!" ಎಂದು ಚೀರಿದ ಚೀರಿಗೆ ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಮೂಗುಬೊಟ್ಟನ್ನು ಕಣ್ಣಿಗೊತ್ತಿಕೊಂಡು ತಕ್ಷಣ ಸೆರಗಿನಲ್ಲಿ ಗಂಟು ಹಾಕಿದಳು. "ಯಾರೂ ನೋಡ್ಬ್ಯಾಡ್ರಿ, ದಿಷ್ಟಿ ಆಯ್ತದೆ" ಎಂದಳು. ಭಾಗ್ಯಮ್ಮ ಕಾಫಿ ತರುವಷ್ಟರಲ್ಲಿ ಅವಳು ಬೀದಿ ಕೊನೆ ಮುಟ್ಟಿದ್ದಳು.

ಸಂಜೀವಪ್ಪ ಉಳಿದ ಐದು ಗಿಡಗಳ ಬುಡಕ್ಕೆ ಗೊಬ್ಬರ ಎಳೆದು, ನೀರು ಹಾಕಿ, ಕಾಯಿಗಳನ್ನು ಎಣಿಸಿದ. ಹದಿನೇಳು ಇದ್ದವು. ಹುಳಿಗೆ ಧಾರಾಳವಾಗಿ ಸಾಕು. ಅವನ ಎದೆ ಹಗುರಾಯಿತು. ಚಲಪತಿ ಮಾತ್ರ ಸಪ್ಪೆ ಮುಖ ಹಾಕಿಕೊಂಡು ಗುದ್ದಲಿ ತೊಳೆಯುತ್ತ ಕೂತಿದ್ದ.

ನಾಲ್ಕು ಗಂಟೆಯ ಹೊತ್ತಿಗೆ ಮುನಿವೆಂಕಟಮ್ಮ ಏದುಸಿರು ಬಿಡುತ್ತ ಮತ್ತೆ ಬಂದಳು. ಕರೆಂಟು ಇನ್ನೂ ಬಂದಿರಲಿಲ್ಲವಾದ್ದರಿಂದ ಬೀದಿಯೆಲ್ಲ ಜಗುಲಿಯ ಮೇಲೇ ಇತ್ತು.

"ಪವಾಡ ಆಗೋಯ್ತು ಕಣ್ರಪ್ಪಾ! ಇಷ್ಟ್ ದಿನ ಯಾರ್ಗೂ ಯೋಳಿರ್ಲಿಲ್ಲ, ಇವತ್ತು ಯೋಳ್ಬಿಡ್ತೀನಿ. ನನ್ ಮೂಗುಬೊಟ್ಟು ಚಿನ್ನದ್ದಲ್ಲ, ಗಿಲೀಟಿಂದು. ನಮ್ಮಪ್ಪ ಬಡವ. ಘಾಟಿ ದನಗಳ ಜಾತ್ರೇಲಿ ತಂದು, ಚಿನ್ನ ಕಣವ್ವ ಅಂತ ಯೋಳಿ ನನ್ ಮೂಗಿಗಿಕ್ಕಿ ಮದ್ವೆ ಮಾಡ್ದ. ನಂಗೊತ್ತಿತ್ತು. ಅಪ್ಪನ ಮಾನ ಅಂತ ಗಂಡನ ತಾವೂ ನಲವತ್ತು ವರ್ಷ ಬಾಯಿ ಬಿಡ್ನಿಲ್ಲ. ಈಗ ಕಡ್ಡಿ ಸೊಟ್ಟಗಾಗೈತೆ, ನೆಟ್ಟಗೆ ಮಾಡ್ಕೊಡು ಅಂತ ಇಲ್ಲೇ ಆಚಾರಿ ಅಂಗ್ಡೀಲಿ ಕೊಟ್ರೆ, ಆತ ಕಲ್ಲಿಗುಜ್ಜಿ ನೋಡಿ, ಅಪ್ಪಟ ಚಿನ್ನ ಅಂದ! ನೆಟ್ಟಗೆ ಮಾಡ್ಲಿ ಅಂತ ಅಲ್ಲೇ ಬಿಟ್ಟು ಓಡ್ಬಂದೆ!"

ಬೀದಿ ಬೆರಗಾಗಿ ಪಿಳ್ಳಣ್ಣನ ಮುಖ ನೋಡಿತು. ಪಿಳ್ಳಣ್ಣ ಗಂಟಲು ಸರಿಮಾಡಿಕೊಂಡ.

"ಇದ್ರಲ್ಲೇನೈತೆ ಆಶ್ಚರ್ಯ? ಗೊಬ್ಬರದ ಕಾವು ಅಂದ್ರೆ ಸಾಮಾನ್ಯಾನಾ? ಹಸೀ ಸಗಣಿ ಒಳಗೊಳಗೇ ಬೆಂದು, ಮಾಗಿ, ಗೊಬ್ಬರ ಆಗಲ್ವಾ? ಹಂಗೇ ಗಿಲೀಟೂ ಒಂದೂವರೆ ವರ್ಷ ಮಾಗಿ ಚಿನ್ನ ಆಗೈತೆ."

ಸಂಜೀವಪ್ಪ ಬಾಯಿ ತೆರೆದ. ನಿಜ ಹೇಳಿದರೆ ಟ್ರಂಕಿನ ಮಾತೂ ಹೊರಗೆ ಬರುತ್ತದೆ ಎಂದು ಹೊಳೆದು ಮುಚ್ಚಿಕೊಂಡ.

ಹತ್ತೇ ನಿಮಿಷದಲ್ಲಿ ಹಿತ್ತಲು ಮತ್ತೆ ತುಂಬಿತು. ಗಿಲೀಟು ಬಳೆ, ಗಿಲೀಟು ಸರ, ಬಣ್ಣ ಹೋದ ಓಲೆ, ಹಿತ್ತಾಳೆ ಉಂಗುರ. ಪಿಳ್ಳಣ್ಣ ತನ್ನ ಕನ್ನಡಕದ ಹಳದಿ ಫ್ರೇಮನ್ನೇ ತಂದಿದ್ದ. ಚಲಪತಿ ಕೈಗಡಿಯಾರದ ಚೈನು ಬಿಚ್ಚಿ ಮೊದಲನೆಯವನಾಗಿ ಹೂತು, ಗುರುತಿಗೆ ಒಂದು ಕಡ್ಡಿ ನೆಟ್ಟ.

"ಬಾವ, ಇಂಥಾ ಗೊಬ್ಬರ ಬಿದ್ದಿರೋ ಜಾಗದಲ್ಲಿ ಶೆಡ್ಡು ಹಾಕ್ತಾರಾ? ಇನ್ಮೇಲೆ ಆ ಮಾತೆತ್ತಿದ್ರೆ ಕೆರ ತಗೊಂಡು ಹೊಡೀರಿ ನಂಗೆ."

ಈ ಮಾತು ಕೇಳಿ ಸಂಜೀವಪ್ಪನಿಗೆ ಆನಂದ ತಡೆಯಲಾಗಲಿಲ್ಲ. ಹಿತ್ತಲು ಉಳಿಯಿತು! ಐದು ಗಿಡ ಉಳಿದವು! ಒಂದು ಸುಳ್ಳಿನಿಂದ ಇಷ್ಟೆಲ್ಲ ಪುಣ್ಯ ಬರುವುದಾದರೆ ಯಾಕೆ ಹೇಳಬಾರದು? "ಗಿಡದ ಬುಡಕ್ಕೆ ಬೇಡ ಕಣಮ್ಮ, ಸಾಲಿನ ಮಧ್ಯೆ ಹೂಳಿ. ಆಳ ನಾಲ್ಕು ಬೆರಳು ಸಾಕು" ಎಂದು ತಾನೇ ಮುಂದೆ ನಿಂತು ಜಾಗ ತೋರಿಸತೊಡಗಿದ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾಗ್ಯಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

"ಅಲ್ಲಾ ರೀ, ಗಿಲೀಟೇ ಚಿನ್ನ ಆಗೋದಾದ್ರೆ, ಚಿನ್ನ ಹೂತಿಟ್ರೆ ಏನಾಗುತ್ತೆ? ನಮ್ಮಮ್ಮನ ಮೂಗುಬೊಟ್ಟು ಐತಲ್ಲ! ತಡೀರಿ, ತರ್ತೀನಿ."

"ಬೇಡ ಕಣೇ! ಚಿನ್ನಕ್ಕೆ ಗೊಬ್ಬರ ಆಗ್ಬರಲ್ಲ, ಸುಟ್ಟೋಗುತ್ತೆ!" ಎಂದು ಸಂಜೀವಪ್ಪ ಕೂಗಿದ. ಅವಳು ಆಗಲೇ ಒಳಗೆ ಹೋಗಿದ್ದಳು. ಟ್ರಂಕಿನ ಮುಚ್ಚಳ ಎತ್ತಿದ ಸದ್ದಾಯಿತು. ಆಮೇಲೆ ಸ್ವಲ್ಪ ಹೊತ್ತು ಯಾವ ಸದ್ದೂ ಇಲ್ಲ. ಸಂಜೀವಪ್ಪನಿಗೆ ಆ ಹೊತ್ತಿನಲ್ಲಿ ಮಗ್ಗದ ಗದ್ದಲವೇ ವಾಸಿ ಎನ್ನಿಸಿತು.

ಭಾಗ್ಯಮ್ಮ ಖಾಲಿ ಡಬ್ಬಿ ಹಿಡಿದು ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಇಲ್ಲ ರೀ... ನಮ್ಮಮ್ಮನ ಮೂಗುಬೊಟ್ಟು ಇಲ್ಲ!"

ಸಂಜೀವಪ್ಪ ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಮುನಿವೆಂಕಟಮ್ಮ ಎದ್ದು ಹೋಗಿ ಭಾಗ್ಯಮ್ಮನ ಭುಜ ಹಿಡಿದುಕೊಂಡಳು.

"ಅಯ್ಯೋ ನನ್ತಾಯಿ, ನನ್ನಂಗೇ ಆಯ್ತಲ್ಲವ್ವ ನಿಂಗೂ! ಯಾವತ್ತು ಬಿಚ್ಚಿಟ್ಟಿದ್ದೆ?"

"ವರಮಹಾಲಕ್ಷ್ಮಿ ದಿನ... ಡಬ್ಬಿಗೆ ಹಾಕೋವಾಗ ಕೆಳಗೆ ಬಿತ್ತೋ ಏನೋ..."

"ಬಿದ್ದೇ ಇರ್ತದೆ. ಮನೆ ಗುಡ್ಸಿದ್ ಕಸ ಎಲ್ಲಿಗೆ ಹಾಕ್ತೀಯ?"

ಭಾಗ್ಯಮ್ಮ ಯೋಚಿಸಿದಳು. ಆಮೇಲೆ ಮೆಲ್ಲಗೆ ಕೈ ಎತ್ತಿ ಉಳಿದ ಐದು ಬದನೆ ಗಿಡಗಳ ಕಡೆ ತೋರಿಸಿದಳು.

"ಅಲ್ಲಿಗೇ. ಬುಡಕ್ಕೆ ಗೊಬ್ಬರ ಆಗ್ಲಿ ಅಂತ ಇವ್ರೇ ಹೇಳಿದ್ರು."

ಇಡೀ ಬೀದಿ ಆ ಕಡೆ ತಿರುಗಿತು. ಚಲಪತಿ ಆಗಲೇ ಗುದ್ದಲಿ ಎತ್ತಿಕೊಂಡಿದ್ದ. ಭಾಗ್ಯಮ್ಮ ಅದನ್ನು ಕಿತ್ತುಕೊಂಡು ಗಂಡನ ಕೈಗೆ ಕೊಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅವ್ನು ಒರಟ, ಏಟು ಬಿದ್ದು ಕಲ್ಲು ಒಡೆದೋಗುತ್ತೆ. ನೀವೇ ಅಗೀರಿ. ಮೆತ್ತಗೆ."

ಮುನಿವೆಂಕಟಮ್ಮ ತನ್ನ ಜರಡಿಯನ್ನು ತಂದು ಅವನ ಮುಂದಿಟ್ಟಳು. ಸಂಜೀವಪ್ಪ ಒಮ್ಮೆ ಗಿಡಗಳನ್ನು ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. ಪಂಚೆ ಎತ್ತಿ ಕಟ್ಟಿಕೊಂಡು ಅಗೆಯತೊಡಗಿದ.