ಮೆಂತ್ಯದ ಬಟ್ಟಲಿನ ತೋಟಾಗಳು

ಕೋಪಿಷ್ಠರಿಗೆ ಈ ಲೋಕದಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ದುಃಖಪಟ್ಟವರಿಗೆ ಕಾಫಿ ಮಾಡಿಕೊಡುತ್ತಾರೆ, ಕೋಪ ಮಾಡಿಕೊಂಡವರಿಗೆ ಬುದ್ಧಿ ಹೇಳುತ್ತಾರೆ. ಉಸಿರು ಎಳೆದುಕೋ, ತಣ್ಣೀರು ಕುಡಿ, ಯೋಗಕ್ಕೆ ಸೇರಿಕೋ. ನನಗೆ ಅದೆಲ್ಲ ಬೇಡ. ನನ್ನ ಕೋಪ ನನಗೆ ಬಿಸಿಬಿಸಿಯಾಗಿಯೇ ಬೇಕು. ಯಾಕೆಂದರೆ ಅದು ಆರಿದ ಮೇಲೆ ಉಳಿಯುವುದು ನೆನಪು, ಮತ್ತು ನೆನಪು ಮಹಾ ಮೋಸಗಾರ. ಎರಡು ಸಲ ಹೇಳುವಷ್ಟರಲ್ಲಿ ಕಥೆಯನ್ನು ತಿಕ್ಕಿ ತೊಳೆದು, ಕೊನೆಗೊಂದು ನೀತಿಯನ್ನೂ ಅಂಟಿಸಿಬಿಡುತ್ತದೆ. ಈ ಪ್ರಸಂಗವನ್ನು ನಾನು ಈಗಾಗಲೇ, ಮನೆಗೊಂದು ಅಡುಗೆ ತಂದು ಹಂಚಿಕೊಂಡು ತಿನ್ನುವ ಹಲವು ಪಾಟ್‌ಲಕ್‌ಗಳಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಮಾತು ಹರಿತವಾಗುತ್ತ, ನಮ್ಮ ಅತ್ತೆಯ ಮಾತು ಪೆದ್ದಾಗುತ್ತ ಬಂದಿದೆ. ಆದ್ದರಿಂದ ಈ ಬರಹ ಎಲ್ಲಾದರೂ ತೀರ ಅಂದವಾಗಿ ಕಂಡರೆ ಅಲ್ಲಿ ನನ್ನನ್ನು ನಂಬಬೇಡಿ.

ನಾನು ರೈಫಲ್ ಇಟ್ಟುಕೊಂಡು ಕಾಗದದ ಗುರಿಗೆ ಹೊಡೆಯುವವಳು. ಇದನ್ನು ಹೇಳಿದರೆ ಸ್ಯಾನ್ ಡಿಯಾಗೋದ ಕನ್ನಡಿಗರು ತಪ್ಪದೆ ಕೇಳುವ ಪ್ರಶ್ನೆ ಒಂದೇ, "ಓ, ನೀವು ಕೊಡಗಿನವರಾ?" ಅಲ್ಲ, ದಾವಣಗೆರೆಯವಳು. ನಮ್ಮ ವಂಶದಲ್ಲಿ ಯಾರಾದರೂ ಎತ್ತಿದ ಅತಿ ಭಯಂಕರ ಆಯುಧವೆಂದರೆ ಈಳಿಗೆಮಣೆ. ಕೋವಿಡ್ ಕಾಲದಲ್ಲಿ ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಬೀದಿಯವರೆಲ್ಲ ಮನೆಯೊಳಗೆ ಕುಳಿತು ಬ್ರೆಡ್ಡು ಹುದುಗಿಸುತ್ತಿದ್ದಾಗ ನನಗೆ ಈ ಹುಚ್ಚು ಹಿಡಿಯಿತು. ಹಿಡಿದದ್ದು ಸಾಮಾನ್ಯ ಮಟ್ಟದಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಸಿಗುವ ತೋಟಾ ನನಗೆ ಸಾಲದಾಯಿತು. ಯಾವ ಕಂಪನಿಯೂ ಮಾಡದ, ನಾವೇ ಮಾಡಿಕೊಳ್ಳಬೇಕಾದ ತೋಟಾ ಇರುತ್ತದೆ; ಇಲ್ಲಿಯವರು ಅದನ್ನು ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ಬೇರೆ ಯಾವುದೋ ತೋಟಾದ ಖಾಲಿ ಹಿತ್ತಾಳೆ ಕೇಸು ತಂದು, ಅದರ ಕುತ್ತಿಗೆಯನ್ನು ಡೈಗಳೆಂಬ ಉಕ್ಕಿನ ಅಚ್ಚುಗಳಲ್ಲಿ ಒತ್ತಿ ಕಿರಿದು ಮಾಡಿ, ಭುಜವನ್ನು ತಿದ್ದಿ, ನಮ್ಮ ರೈಫಲ್ಲಿಗೆ ಮಾತ್ರ ಒಪ್ಪುವಂತೆ ಮಾಡುವುದು. ಅಕ್ಕನ ಬ್ಲೌಸನ್ನು ತಂಗಿಗೆ ಹಿಡಿಸಿದ ಹಾಗೆ. ತಂಗಿ ಸ್ಫೋಟಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇದರಲ್ಲಿ ನನ್ನ ಜೊತೆಗಾರರು ಮೈಸೂರಿನ ಇರ್ಫಾನ್ ಭಾಯಿ. ರೆಡೊಂಡೊ ಬೀಚಿನಲ್ಲಿ ಉಪಗ್ರಹದ ಬಿಡಿಭಾಗಗಳ ಕೆಲಸ, ಗ್ಯಾರೇಜಿನಲ್ಲಿ ಸ್ವಂತ ಲೇತು. ಅವರದು ಒಂದೇ ಮಂತ್ರ: "ಹಿತ್ತಾಳೆ ಒಳ್ಳೇದು ತಗೊಳ್ಳಿ ಮೇಡಂ. ಕೆಟ್ಟ ಹಿತ್ತಾಳೆ, ಕೆಟ್ಟ ಸಂಬಂಧ, ಎರಡನ್ನೂ ಆಮೇಲೆ ರಿಪೇರಿ ಮಾಡಕ್ಕಾಗಲ್ಲ." ಒಳ್ಳೆಯದು ಎಲ್ಲಿದೆ? ಆ ವರ್ಷಗಳಲ್ಲಿ ಅಂಗಡಿಗಳ ಕಪಾಟುಗಳು ಖಾಲಿ. ಸ್ಟಾಕ್ ಬಂದಿದೆ ಎಂಬ ಇಮೇಲ್ ಸರಿಯಾಗಿ ನನ್ನ ಆಫೀಸಿನ ಮೀಟಿಂಗ್ ಹೊತ್ತಿಗೇ ಬರುತ್ತಿತ್ತು. ಮೀಟಿಂಗ್ ಮುಗಿಯುವಷ್ಟರಲ್ಲಿ ಸ್ಟಾಕೂ ಮುಗಿದಿರುತ್ತಿತ್ತು. ಅಗ್ಗದ್ದು ಸಿಗುತ್ತಿತ್ತು, ಆದರೆ ಅದರ ಕುತ್ತಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಒತ್ತಿದರೆ ಸೊಟ್ಟಗಾಗುತ್ತದೆ. ಕಡೆಗೆ ಯೂರೋಪಿನ ಗಟ್ಟಿ ಹಿತ್ತಾಳೆ ಸಿಕ್ಕಿದಾಗ ನಾನು ಡಬ್ಬವನ್ನು ಎದೆಗೊತ್ತಿಕೊಂಡೆ ಎಂದು ನನ್ನ ಗಂಡ ಶ್ರೀಧರ ಹೇಳುತ್ತಾನೆ. ಅವನ ನೆನಪೂ ನನ್ನದರಷ್ಟೇ ನಂಬಲನರ್ಹ.

ಕುತ್ತಿಗೆ ಕಿರಿದು ಮಾಡಿದ ಕೇಸನ್ನು ಬೆಂಕಿಯಲ್ಲಿ ಕಾಯಿಸಿ ಮೆದುಗೊಳಿಸಬೇಕು, ಇಲ್ಲದಿದ್ದರೆ ಸೀಳುತ್ತದೆ. ಆಮೇಲೆ ಅದರೊಳಗೆ ಸ್ವಲ್ಪ ಮದ್ದು, ಮೇಲೆ ರವೆ ತುಂಬಿ ಹಾರಿಸಿದರೆ ಹಿತ್ತಾಳೆ ಉಬ್ಬಿ ರೈಫಲ್ಲಿನ ಒಳಗಿನ ಆಕಾರವನ್ನೇ ತಾಳುತ್ತದೆ. ಹೌದು, ರವೆ. ಸ್ಯಾಂಟಾ ಕ್ಲಾರಿಟಾದಾಚೆಯ ಗುಡ್ಡದ ಶೂಟಿಂಗ್ ರೇಂಜಿನಲ್ಲಿ ನಾನು ಅದನ್ನು ಹಾರಿಸಿದಾಗ ಸೀದ ಉಪ್ಪಿಟ್ಟಿನ ವಾಸನೆ ಬಂದು, ಪಕ್ಕದ ಮೇಜಿನ ಅಮೆರಿಕನ್ ಅಜ್ಜ ತನ್ನ ಊಟದ ಡಬ್ಬಿ ತೆರೆದ. ಬೆಂಗಳೂರಿನಿಂದ ಆರು ತಿಂಗಳಿಗೆ ಬಂದಿದ್ದ ಅತ್ತೆಗೆ ಇದು ಗೊತ್ತಾದದ್ದು ಅಡುಗೆಮನೆಯ ಡಬ್ಬ ಬರಿದಾದಾಗ. "ಅಲ್ಲಮ್ಮಾ, ಜನ ರವೆ ಇಲ್ದೆ ಉಪವಾಸ ಇರ್ತಾರೆ, ನೀನು ಅದನ್ನ ಗುಡ್ಡಕ್ಕೆ ಹೊಡೆದು ಬರ್ತೀಯಲ್ಲ," ಎಂದರು. "ಅದೂ ಚಿರೋಟಿ ರವೆ." ನಾನು ಬನ್ಸಿ ರವೆ ಬಳಸಬೇಕಿತ್ತು ಎಂಬುದು ಅವರ ತಾಂತ್ರಿಕ ಅಭಿಪ್ರಾಯ.

ಇನ್ನು ಮುಖ್ಯ ವಿಷಯ. ಎಷ್ಟೇ ಒಳ್ಳೆಯ ಹಿತ್ತಾಳೆಯಾದರೂ ಒಂದೊಂದು ಕೇಸಿಗೆ ಒಂದೊಂದು ಚಾಳಿ. ಕೆಲವು ಗುಂಡನ್ನು ನೇರ ಕಳಿಸುತ್ತವೆ, ಕೆಲವು ಕಾರಣವಿಲ್ಲದೆ ಅತ್ತಿತ್ತ ಎಸೆಯುತ್ತವೆ. ಅದನ್ನು ತಿಳಿಯಲು ತೂಕ ಸಾಲದು. ಹಾರಿಸಿ ನೋಡಬೇಕು, ಮತ್ತೆ ಮತ್ತೆ. ಇಡೀ ಬೇಸಿಗೆ ಅದನ್ನೇ ಮಾಡಿ, ನಮ್ಮ ಹಳೆಯ ಒಗ್ಗರಣೆ ಡಬ್ಬಿಯನ್ನು ಗ್ಯಾರೇಜಿಗೆ ಒಯ್ದು ಅದರ ಬಟ್ಟಲುಗಳಲ್ಲಿ ಕೇಸುಗಳನ್ನು ವಿಂಗಡಿಸಿದ್ದೆ. ಸಾಸಿವೆಯ ಬಟ್ಟಲಿನಲ್ಲಿ ಅತ್ಯುತ್ತಮವಾದವು. ಜೀರಿಗೆಯದರಲ್ಲಿ ಪರವಾಗಿಲ್ಲ ಎನ್ನುವಂಥವು. ಮೆಂತ್ಯದ ಬಟ್ಟಲಿನಲ್ಲಿ ಕಹಿಗಳು, ದಾರಿ ತಪ್ಪಿದವು. ಒಂದೊಂದರ ತಳಕ್ಕೂ ಮಾರ್ಕರಿನಿಂದ ಬಣ್ಣದ ಚುಕ್ಕೆ. ಬರುವ ಶನಿವಾರ ಕ್ಲಬ್ಬಿನ ಸ್ಪರ್ಧೆ. ಮನೆಯಲ್ಲಿ ಮಾಡಿದ ತೋಟಾ ಮನೆಯ ಸೋಫಾ ಹೊಡೆಯಲೂ ಲಾಯಕ್ಕಲ್ಲ ಎಂದು ನಕ್ಕವರೆಲ್ಲ ಅಲ್ಲಿರುತ್ತಾರೆ. ಸಾಸಿವೆ ಮತ್ತು ಜೀರಿಗೆಯಿಂದ ಅವರ ಬಾಯಿ ಮುಚ್ಚಿಸುವುದು ನನ್ನ ಯೋಜನೆ.

ಅದಕ್ಕೆ ಮೊದಲಿನ ಭಾನುವಾರ ಐದು ಸಾಸಿವೆಗಳನ್ನು ಪರ್ಸಿನಲ್ಲಿ ಹಾಕಿಕೊಂಡು ಇರ್ಫಾನ್ ಭಾಯಿಯ ಲೇತಿನಲ್ಲಿ ಕುತ್ತಿಗೆ ನಯಗೊಳಿಸಲು ರೆಡೊಂಡೊ ಬೀಚಿಗೆ ಹೋದೆ. ವಾಪಸು ಬರುವಾಗ ಫ್ರೀವೇಯಲ್ಲಿ ಆಮೆಗಳ ಜಾತ್ರೆ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಕೋಪ ಆಗಲೇ ತಯಾರಿತ್ತು. ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಶ್ರೀಧರನ ಕಾರಿಗೆ ಹಾರ, ವ್ಯಾಕ್ಯೂಮ್ ಕ್ಲೀನರಿಗೆ ಹಾರ, ನನ್ನ ಡೈಗಳಿಗೆ ವಿಭೂತಿ. ಅಂದು ಆಯುಧ ಪೂಜೆ ಎಂಬುದನ್ನು ನಾನು ಮರೆತಿದ್ದೆ, ಅತ್ತೆ ಮರೆತಿರಲಿಲ್ಲ. ಮೇಜಿನ ಮೇಲೆ ಬಾಳೆಎಲೆ. ಅದರ ಮೇಲೆ ನನ್ನ ಕೇಸುಗಳೆಲ್ಲ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಮದುವೆಮನೆಯ ದೀಪಗಳಂತೆ ಹೊಳೆಯುತ್ತ, ಒಂದೇ ಗುಂಪಾಗಿ, ಒಂದೊಂದೂ ಕುಂಕುಮದ ಬೊಟ್ಟು ಇಟ್ಟುಕೊಂಡು ನಿಂತಿದ್ದವು. ಚುಕ್ಕೆಗಳಿಲ್ಲ. ಡಬ್ಬಿಯಿಲ್ಲ.

ಇಲ್ಲಿ ನಾನು ಪಾಟ್‌ಲಕ್‌ಗಳಲ್ಲಿ ಅದ್ಭುತವಾದ ಮಾತೊಂದನ್ನು ಆಡುತ್ತೇನೆ. ನಿಜಕ್ಕೂ ಆಡಿದ್ದು, ಶ್ರೀಧರ ಮತ್ತು ಮಗಳು ಇಬ್ಬರೂ ಸಾಕ್ಷಿ, ಇಷ್ಟೇ:

"ಸಾಸಿವೆ ಎಲ್ಲಿ? ಮೆಂತ್ಯ ಎಲ್ಲಿ?"

"ಒಳಗೆ ಡಬ್ಬೀಲಿದೆಯಲ್ಲಮ್ಮ," ಎಂದರು ಅತ್ತೆ. "ತೊಳೆದು ತುಂಬಿಸಿಟ್ಟಿದೀನಿ. ಯಾಕೆ, ಏನಾದ್ರೂ ಒಗ್ಗರಣೆ ಹಾಕ್ಬೇಕಿತ್ತಾ?"

"ಅತ್ತೆ, ಇವನ್ನ ಯಾಕೆ ಮುಟ್ಟಿದ್ರಿ?"

"ಕಿಲುಬು ಹಿಡಿದಿತ್ತು. ಆಯುಧ ಪೂಜೆ ದಿನ ಆಯುಧಾನ ಹಾಗೆ ಇಡ್ತಾರಾ? ನೋಡು ಎಷ್ಟು ಚೆನ್ನಾಗಿ ಕಾಣ್ತಿದೆ. ನೀನು ಬೆಂಕೀಲಿ ಸುಟ್ಟು ಕಪ್ಪು ಮಾಡಿಟ್ಟಿದ್ದೆ."

"ಇಟ್ಸ್ ಜಸ್ಟ್ ಬ್ರಾಸ್, ಅಮ್ಮ," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಶ್ರೀಧರ ನನ್ನನ್ನು ಪಕ್ಕಕ್ಕೆ ಕರೆದು, "ಪ್ರೀತಿಯಿಂದ ಮಾಡಿದಾರೆ ಕಣೆ, ಬಿಟ್ಬಿಡು," ಎಂದ. ಈ ಪ್ರೀತಿಯಿಂದ ಎನ್ನುವ ಮಾತನ್ನು ಕಂಡುಹಿಡಿದವನು ನನಗೆ ಸಿಗಬೇಕು. ದ್ವೇಷದಿಂದ ಹಾಳು ಮಾಡಿದವರ ಜೊತೆ ಜಗಳವಾಡಬಹುದು. ಪ್ರೀತಿಯಿಂದ ಹಾಳು ಮಾಡಿದವರಿಗೆ ಥ್ಯಾಂಕ್ಸ್ ಹೇಳಿ, ಪೂಜೆಯ ಚರ್ಪು ತಿಂದು, ತಟ್ಟೆ ತೊಳೆದಿಡಬೇಕು. ನಾನು ಚರ್ಪು ತಿಂದೆ. ಕಡಲೆಕಾಳಿನ ಉಸಲಿ, ಚೆನ್ನಾಗಿತ್ತು. ಅದರಿಂದ ಕೋಪ ಇನ್ನಷ್ಟು ಏರಿತು.

ಇರ್ಫಾನ್ ಭಾಯಿಗೆ ಫೋನ್ ಮಾಡಿದೆ. ಅವರು ಎರಡು ಮೂರು ಸಲ ಕೆಮ್ಮಿದರು. ಸಂತಾಪ ಎಂದುಕೊಂಡಿದ್ದೆ, ನಗು ತಡೆಯುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. "ಎಲ್ಲವನ್ನೂ ಮತ್ತೆ ಒಂದ್ಸಲ ಕಾಯಿಸಿ ಮೇಡಂ, ಮೆದುವಾಗುತ್ತೆ. ಆದ್ರೆ ಯಾವುದು ಸಾಸಿವೆ, ಯಾವುದು ಮೆಂತ್ಯ ಅಂತ ಅಲ್ಲಾಹುವಿಗೇ ಗೊತ್ತು. ಶನಿವಾರ ಬಿಸ್ಮಿಲ್ಲಾ ಅಂತ ಹೊಡೀರಿ." ಮತ್ತೆ ಹಾರಿಸಿ ವಿಂಗಡಿಸಲು ಸಮಯವಿರಲಿಲ್ಲ, ವಾರದ ದಿನಗಳಲ್ಲಿ ರೇಂಜು ಮುಚ್ಚಿರುತ್ತದೆ.

ಶನಿವಾರ ಹೋದೆ. ಸ್ಪರ್ಧೆಯಲ್ಲಿ ಹಲವು ಗುರಿಹಲಗೆಗಳು, ಒಂದೊಂದಕ್ಕೂ ಐದೈದು ಗುಂಡು. ಗುಂಡುಗಳು ಹತ್ತಿರ ಹತ್ತಿರ ಬಿದ್ದಷ್ಟೂ ಒಳ್ಳೆಯದು. ಮೊದಲ ಹಲಗೆಗಳಿಗೆ ವಿಧಿಯಿಲ್ಲದೆ ತೊಳೆದ ಕೇಸುಗಳು. ಕೊನೆಯ ಹಲಗೆಗೆಂದು ಪರ್ಸಿನಲ್ಲಿ ಬದುಕುಳಿದಿದ್ದ ನನ್ನ ಐದು ಅಪ್ಪಟ ಸಾಸಿವೆಗಳನ್ನು ಕಾದಿಟ್ಟಿದ್ದೆ. ಹಲ್ಲು ಕಚ್ಚಿಕೊಂಡು ಹೊಡೆದೆ. ಯಾವುದು ದಾರಿ ತಪ್ಪುತ್ತದೋ ಎಂದು ಕಾದೆ. ಸಂಜೆ ಅತ್ತೆಗೆ ಹೇಳಬೇಕಾದ ಮಾತನ್ನು ಗುಂಡಿಗೊಂದರಂತೆ ಜೋಡಿಸಿಕೊಂಡೆ. ಯಾವುದೂ ದಾರಿ ತಪ್ಪಲಿಲ್ಲ. ಹಲಗೆಯ ನಂತರ ಹಲಗೆಯಲ್ಲಿ ಐದೂ ಗುಂಡು ಸೇರಿ ಒಂದೇ ಸಣ್ಣ ತೂತು, ಬೊಟ್ಟಿನಷ್ಟು. ಸೋಫಾದವರು ದುರ್ಬೀನು ಹಿಡಿದು ನನ್ನ ಕಡೆ ತಿರುಗಿದರು. ಆಗ ಸಾಸಿವೆಗಳನ್ನು ಹೊರತೆಗೆದೆ. ಐದೂ ಐದು ದಿಕ್ಕಿಗೆ, ಎಣ್ಣೆಯಲ್ಲಿ ಸಿಡಿದ ಹಾಗೆ.

ಗೆಲ್ಲುತ್ತಿದ್ದ ಸ್ಪರ್ಧೆಯನ್ನು ನಾನು ಸೋತದ್ದು ನನ್ನ ಇಡೀ ಬೇಸಿಗೆಯ ವಿಜ್ಞಾನದಿಂದ. ಇರ್ಫಾನ್ ಭಾಯಿ ಹಲಗೆಯನ್ನು ನೋಡಿ, "ಗಾಳಿ ಇರಬೇಕು," ಎಂದರು. ಗಾಳಿ ಇರಲಿಲ್ಲ. ಇದ್ದರೆ ಗಾಳಿಯ ಮೇಲಾದರೂ ರೇಗಬಹುದಿತ್ತು. ಅತ್ತೆಯ ಮೇಲೆ ಅಷ್ಟು ಜತನದಿಂದ ಕೂಡಿಟ್ಟ ಕೋಪವನ್ನು ಖರ್ಚು ಮಾಡಲು ಜಾಗವೇ ಇಲ್ಲವಾಯಿತು.

"ಹೇಗಾಯ್ತಮ್ಮ?" ಎಂದರು ಅತ್ತೆ, ಮನೆಗೆ ಬಂದಾಗ.

"ಪರವಾಗಿಲ್ಲ," ಎಂದೆ.

ಮುಂದಿನ ಸ್ಪರ್ಧೆಗೆ ಮೊದಲು ಮನೆಯವರೆಲ್ಲ ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ಹುಣಸೆಹಣ್ಣು ನೆನೆಹಾಕಿ ಗ್ಯಾರೇಜಿಗೆ ಒಯ್ದೆ. ಇದರಲ್ಲಿ ಭಕ್ತಿಯಿಲ್ಲ, ಖಂಡಿತ ಇಲ್ಲ. ಪ್ರಯೋಗದ ನಿಯಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೆಲಸ ಮಾಡಿದ್ದು ಹುಣಸೆಯೋ ಕುಂಕುಮವೋ ತಿಳಿಯದಿರುವಾಗ ಎರಡನ್ನೂ ಬಿಡುವಂತಿಲ್ಲ. ಐದು ಸಾಸಿವೆಗಳನ್ನೂ ಕೋಪದಿಂದಲೇ ತಿಕ್ಕಿದೆ, ಕೋಪದಿಂದಲೇ ಒರೆಸಿದೆ, ಕುಂಕುಮದ ಭರಣಿ ತೆರೆದು ಬೊಟ್ಟು ಇಡತೊಡಗಿದೆ. ಅಂಗಡಿಗೆ ಹೋಗಿದ್ದಾರೆ ಎಂದುಕೊಂಡಿದ್ದ ಅತ್ತೆ, ಗ್ಯಾರೇಜಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ.

"ತೋರುಬೆರಳಲ್ಲಿ ಇಡಬಾರ್ದಮ್ಮ," ಎಂದರು. "ಉಂಗುರದ ಬೆರಳಲ್ಲಿ ಇಡು."

ಮೈಯೆಲ್ಲ ಉರಿದುಹೋಯಿತು. ಬೆರಳು ಬದಲಿಸಿದೆ.