ಮಾವನವರ ಕಾರು ಮತ್ತೆ ನಿಂತಿದೆ

ಡಾಕ್ಟರ ಎದುರು ಕೂತ ತಕ್ಷಣ ಕೆಮ್ಮು ನಿಲ್ಲುತ್ತದಲ್ಲ, ಹಾಗೆ ರಿಪೇರಿಯವನು ಬಾಗಿಲಿಗೆ ಬಂದ ತಕ್ಷಣ ಕೆಟ್ಟ ಯಂತ್ರ ಸರಿಯಾಗಿಬಿಡುತ್ತದೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ದಿನದಿಂದ ನನಗೆ ಇದೇ ಗೋಳು. ಗಿರಾಕಿಯಾದರೆ ಗೊಣಗಿಯಾದರೂ ಬರಬಹುದು. ಹೆಣ್ಣು ಕೊಟ್ಟ ಮಾವನನ್ನು ಏನು ಮಾಡುತ್ತೀರಿ?

೧. ಸೇತುವೆ ಮತ್ತು ಗ್ರೈಂಡರ್

ಮಾವನವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಹೊತ್ತು ಹೋಗುವುದಿಲ್ಲ ಎಂದು ಒದ್ದಾಡುತ್ತಿದ್ದರು. ಪಾಪ ಎಂದು ನಾನೇ ಒಂದು ಕಂಪ್ಯೂಟರ್ ಜೋಡಿಸಿ ಕೊಟ್ಟೆ. ಬೀದಿಯಲ್ಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಅವರಿಗೆ ಕಾರ್ ರೇಸ್ ಆಟದ ಹುಚ್ಚು ಹಿಡಿಯಿತು.

ವಾರ ಕಳೆಯುವುದರೊಳಗೆ ಅಂಗಡಿಗೆ ಫೋನು.

"ಅಳಿಯಂದ್ರೆ, ಕಾರು ನಿಂತ್ಬಿಟ್ಟಿದೆ. ಸರಿಯಾಗಿ ಸೇತುವೆ ಮೇಲೆ. ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಹೋಗಲ್ಲ. ಬಾಣದ ಗುರುತೂ ಅಲ್ಲಾಡ್ತಿಲ್ಲ."

"ಇಸ್ಪೀಟ್ ಆಡಿದ್ರೂ ಹೀಗೇ ನಿಲ್ಲುತ್ತಾ ಮಾವ?"

"ಇಲ್ಲ. ಅದನ್ನ ದಿನವಿಡೀ ಆಡಬಹುದು. ಕಾರೇ ಆಗಲ್ಲ." ಆಮೇಲೆ ದನಿ ತಗ್ಗಿಸಿದರು. "ನಿಮ್ಮತ್ತೆ ಕೇಳ್ತಿದಾರೆ, ದೊಡ್ಡ ಅಳಿಯಂದ್ರು ಕೊಡ್ಸಿದ ಗ್ರೈಂಡರ್ ಇಷ್ಟು ವರ್ಷ ಆದ್ರೂ ಒಂದಿನಾನೂ ನಿಂತಿಲ್ವಲ್ಲ ಅಂತ."

ದೊಡ್ಡ ಅಳಿಯ ಅಂದರೆ ನನ್ನ ಷಡ್ಡಕ. ಅವತ್ತಿನಿಂದ ಆ ಮನೆಯಲ್ಲಿ ನನ್ನ ಮಾನಕ್ಕೂ ಅವರ ಗ್ರೈಂಡರಿಗೂ ಪಂದ್ಯ ಶುರುವಾಯಿತು. ಗ್ರೈಂಡರೇ ಮುಂದಿತ್ತು.

೨. ಹೇಳಿ ಹೋದ ಅಳಿಯ

ಭಾನುವಾರ ಬರುತ್ತೇನೆಂದು ಹೇಳಿ, ಸ್ಕ್ರೂಡ್ರೈವರ್ ಚೀಲ ಹಿಡಿದು ಬಸ್ಸು ಹತ್ತಿದೆ. ಅತ್ತೆ ಮನೆಯನ್ನು ಗುಡಿಸಿ ಸಾರಿಸಿ ಲಕಲಕ ಅನ್ನಿಸಿದ್ದರು. ಹೋಳಿಗೆ ಬೇರೆ. ಮಾವ ಕಾರು ಓಡಿಸಿದರು. ಓಡಿತು. ನಾನು ಓಡಿಸಿದೆ. ಓಡಿತು. ಸೇತುವೆಯನ್ನಂತೂ ಹೋಗುತ್ತಾ ಬರುತ್ತಾ ಎಷ್ಟು ಸಲ ದಾಟಿದೆವೋ ಲೆಕ್ಕವಿಲ್ಲ.

"ನಿಮ್ಮನ್ನ ಕಂಡ್ರೆ ಹೆದರುತ್ತೆ," ಅಂದರು ಮಾವ. "ನಮ್ಮಲ್ಲೂ ದೊಡ್ಡ ಸಾಹೇಬರು ಬಂದ್ರೆ ಮೆಷಿನ್ನುಗಳು ಹೀಗೇ ಓಡ್ತಿದ್ವು."

ದೊಡ್ಡ ಸಾಹೇಬನ ಗತ್ತಿನಲ್ಲೇ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಗೆ ವಾಪಸು ಬಂದೆ. ಹೆಂಡತಿ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು.

"ಅಪ್ಪ. ಮತ್ತೆ ಸೇತುವೆಯಂತೆ."

೩. ಪಕ್ಕದ ಮನೆಯ ವೈದ್ಯ

ಮಾವನ ಪಕ್ಕದ ಮನೆಯವರು ಅದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ತಮಿಳರು. ನಾನು ಸೋತಿದ್ದು ಕೇಳಿ ಅವರಿಗೆ ಹುರುಪು ಬಂತು. "ಅರ್ತಿಂಗ್ ಸರಿ ಇಲ್ಲೆ ಸಾರ್. ಅಳಿಯ ಚಿಕ್ಕ ಹುಡ್ಗ, ಪಾವಂ, ಅವ್ರಿಗೆ ತೆರಿಯಾದು, ಗೊತ್ತಾಗಲ್ಲ," ಅಂದರಂತೆ. ಕಾಂಪೌಂಡಿನಲ್ಲಿ ಗುಂಡಿ ತೋಡಿ, ಇದ್ದಿಲು, ಕಲ್ಲುಪ್ಪು ತುಂಬಿಸಿ, ದಿನಾ ಬೆಳಿಗ್ಗೆ ಒಂದು ಬಿಂದಿಗೆ ನೀರು ಹಾಕಿ ಎಂದು ಅಪ್ಪಣೆ ಕೊಟ್ಟರು. ಮಾವ ದೇವರ ಪೂಜೆ ತಪ್ಪಿಸಿದರೂ ಆ ನೀರು ತಪ್ಪಿಸಲಿಲ್ಲ.

ತಿಂಗಳಾದ ಮೇಲೆ ಕೇಳಿದೆ, "ಏನಾದ್ರೂ ವ್ಯತ್ಯಾಸ ಆಯ್ತಾ ಮಾವ?"

"ಆಗದೆ ಏನು? ನುಗ್ಗೆ ಮರ ಒಣಗೋಯ್ತು."

೪. ತೊಡೆಯ ಮೇಲಿನ ಕೂಸು

ಕೊನೆಗೆ ಸಿಪಿಯುವನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದೆ. ರ್‍ಯಾಮ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಆಟವನ್ನು ಅಳಿಸಿ ಮತ್ತೆ ಹಾಕಿದೆ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕಾರು ಓಡಿತು. ಮುತ್ತಿಟ್ಟು ಭದ್ರಾವತಿಗೆ ಕೊಂಡೊಯ್ದು ಕೊಟ್ಟೆ. ಮಾರನೇ ದಿನ ಸೇತುವೆ ಮೇಲೆ ನಿಂತಿತು. ಆ ಆಟ ಮಾಡಿದವನ ಕೈಗೆ ಹಾವು ಕಚ್ಚಲಿ ಎಂದು ಶಾಪ ಹಾಕಿದೆ.

ಮಾವನ ಸಹನೆಯೂ ಮುಗಿದಿತ್ತು. "ಗೌರಿ ಹಬ್ಬಕ್ಕೆ ನೆಂಟರೆಲ್ಲ ಬರ್ತಾರೆ. ಎಲ್ಲರೆದುರು ಸೇತುವೆ ದಾಟಿಸ್ತೀನಿ ಅಂತ ಮಾತು ಕೊಟ್ಟಿದೀನಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ. ಮಾಚೇನಹಳ್ಳಿಲಿ ಒಬ್ಬ ಒಳ್ಳೇ ಮೆಕ್ಯಾನಿಕ್ ಇದಾನಂತೆ, ದೊಡ್ಡ ಅಳಿಯಂದ್ರು ಕರ್ಕೊಂಡು ಬರ್ತಾರಂತೆ."

"ಕಂಪ್ಯೂಟರ್ ಮೆಕ್ಯಾನಿಕ್ಕಾ?"

"ಅಲ್ಲ. ಟ್ರ್ಯಾಕ್ಟರ್."

೫. ಹೇಳದೆ ಹೋದ ಅಳಿಯ

ಹಬ್ಬಕ್ಕೆ ಇನ್ನು ನಾಲ್ಕೈದು ದಿನ ಇರುವಾಗ ಶಂಕರಘಟ್ಟದಲ್ಲಿ ಒಂದು ಪ್ರಿಂಟರ್ ರಿಪೇರಿಗೆ ಹೋಗಿದ್ದೆ. ಬರುವಾಗ ಭದ್ರಾವತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಟ್ರ್ಯಾಕ್ಟರ್ ಮೆಕ್ಯಾನಿಕ್ ನೆನಪಾದ. ಫೋನು ಗೀನು ಮಾಡದೆ ಸೀದಾ ಮಾವನ ಮನೆಗೆ ನುಗ್ಗಿದೆ.

ಮಾವ ಕಾರು ಓಡಿಸುತ್ತಿದ್ದರು. ಟಿವಿಗೆ, ಮಿಕ್ಸಿಗೆ, ಫೋನಿಗೆ ಅತ್ತೆ ಕವರು ಹೊಲಿದು ಹಾಕುವುದು ನನಗೆ ಗೊತ್ತಿತ್ತು. ಆದರೆ ಅವತ್ತು ಮೇಜಿನ ಪಕ್ಕ ಸಿಪಿಯುವೂ ಕವರು ತೊಟ್ಟು ಕೂತಿತ್ತು, ಮದುವಣಗಿತ್ತಿಯ ಹಾಗೆ. ಹಳೇ ರಗ್ಗಿನ ಒಳಪದರ, ಮೇಲೆ ರೇಷ್ಮೆ ಬಟ್ಟೆ, ಅಂಚಿಗೆ ಕೆಂಪು ಝಾಲರು, ಹಿಂದೆ ವೈರುಗಳ ಸುತ್ತ ಬಿಗಿಯಾಗಿ ಕಟ್ಟಿದ ಲಾಡಿ. ಸ್ವಿಚ್ಚು ಒತ್ತಲು ಮಾತ್ರ ಒಂದು ಗುಂಡಿ ಕಾಜ. ಮುಟ್ಟಿದೆ. ದೋಸೆ ಕಾವಲಿ!

"ನಿಂತ್ಬಿಡ್ತು!" ಎಂದು ಮಾವ ಕೂಗಿದರು.

"ಅತ್ತೆ, ಇದೇನಿದು?"

"ಧೂಳು ಕೂರಬಾರ್ದು ಅಂತ ಹೊಲ್ದೆ. ಅಳಿಯಂದ್ರು ಕೊಟ್ಟಿದ್ದಲ್ವಾ, ಅದಕ್ಕೇ ರೇಷ್ಮೆ."

"ನಾನು ಬಂದಾಗ ಒಂದು ಸಲವೂ ಇರ್ಲಿಲ್ವಲ್ಲ!"

"ನೀವು ಬರೋದು ಗೊತ್ತಾದ್ರೆ ಬಿಚ್ಚಿ ಒಗೆದು ಒಣಗಿಹಾಕ್ತೀನಿ, ನೀವು ಹೋದ್ಮೇಲೆ ಮತ್ತೆ ತೊಡಿಸ್ತೀನಿ. ಅಳಿಯಂದ್ರ ಎದುರು ಕೊಳೆ ಬಟ್ಟೆಲಿ ಕೂರಿಸೋಕಾಗುತ್ತಾ? ಹೀಗೆ ಹೇಳದೆ ಕೇಳದೆ ನುಗ್ಗಿದ್ರೆ ನಾನೇನು ಮಾಡ್ಲಿ?"

ಇಸ್ಪೀಟಿಗೆ ಕಾಯದ ಯಂತ್ರ, ಕಾರು ಸೇತುವೆ ಮುಟ್ಟುವಷ್ಟರಲ್ಲಿ ರಗ್ಗಿನೊಳಗೆ ಬೆಂದುಹೋಗುತ್ತಿತ್ತು! ಕಿರುಚಬೇಕು ಅನ್ನಿಸಿತು. ಎದುರಿಗಿದ್ದದ್ದು ಅತ್ತೆ. "ಇದಕ್ಕೆ ಸ್ವಲ್ಪ ಸೆಖೆ ಜಾಸ್ತಿ ಅತ್ತೆ," ಎಂದು ಲಾಡಿ ಬಿಚ್ಚಿದೆ.

ಹಬ್ಬದ ದಿನ ನೆಂಟರೆಲ್ಲ ನೋಡುತ್ತಿದ್ದಂತೆ ಮಾವನ ಕಾರು ಸೇತುವೆ ದಾಟಿತು. ಅತ್ತೆ ನನ್ನ ಎಲೆಗೆ ಕಡುಬಿನ ಮೇಲೆ ಕಡುಬು ಬಡಿಸಿದರು. ಷಡ್ಡಕ ತಲೆ ಎತ್ತದೆ ಊಟ ಮಾಡಿದರು. ಆ ಕಡುಬಿನ ರುಚಿ ಇನ್ನೂ ನಾಲಿಗೆ ಮೇಲಿದೆ.

ಆದರೆ ನಮ್ಮತ್ತೆ ಯಾವುದನ್ನೂ ದಂಡ ಮಾಡುವವರಲ್ಲ. ಆ ಕವರನ್ನೇ ಸ್ವಲ್ಪ ಬಿಚ್ಚಿ ಹೊಲಿದು ಗ್ರೈಂಡರಿನ ಕೆಳಗಿನ ಮೋಟಾರಿಗೆ ತೊಡಿಸಿದರು. ದೀಪಾವಳಿ ಹೊತ್ತಿಗೆ ಷಡ್ಡಕನ ಫೋನು ಬಂತು.

"ಮಾರಾಯ, ಇಷ್ಟು ವರ್ಷ ನಿಲ್ಲದೇ ಇದ್ದ ಗ್ರೈಂಡರ್ ಈಗ ಹಿಟ್ಟು ಅರ್ಧ ಆಗೋವಾಗ್ಲೇ ನಿಲ್ತಿದೆಯಂತೆ. ಅತ್ತೆ ದಿನಾ ಫೋನ್ ಮಾಡಿ ಜೀವ ತಿಂತಿದಾರೆ. ಏನು ಮಾಡ್ಲಿ ಹೇಳು."

ಸತ್ಯ ನಾಲಿಗೆ ತುದಿಗೆ ಬಂತು. ಕಡುಬಿನ ರುಚಿಯ ಜೊತೆ ನುಂಗಿಕೊಂಡೆ.

"ನೀವೇ ಒಂದ್ಸಲ ಹೋಗಿ ನೋಡಿ ಭಾವ," ಅಂದೆ. "ಆದ್ರೆ ಮೊದ್ಲೇ ಫೋನ್ ಮಾಡಿ ಹೇಳಿ ಹೋಗಿ. ಅಳಿಯಂದ್ರು ಹೇಳದೆ ಬಂದ್ರೆ ಅತ್ತೆಗೆ ಆಗಲ್ಲ."